ಫೀಲ್ಡ್ ಕೆಲಸವನ್ನು ರೆಸ್ಯೂಮ್‌ನಲ್ಲಿ ಬಚ್ಚಿಡಬೇಡಿ

ಪ್ರಶ್ನೆ: ನಾನು ಹಾಸನದವನು. ಇ ಅಂಡ್ ಸಿ ಡಿಪ್ಲೊಮಾ ಮುಗಿಸಿ 3 ವರ್ಷದಿಂದ ಇಲ್ಲೇ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯಲ್ಲಿ ಫೀಲ್ಡ್ ಎಂಜಿನಿಯರ್ ಆಗಿದ್ದೇನೆ. ಮಳೆಗಾಲದಲ್ಲಿ ರಾತ್ರಿ 11ಕ್ಕೆ ಫೈಬರ್ ಕಟ್ ಆದರೂ ನಾನೇ ಹೋಗಬೇಕು. ಹೋದ ವರ್ಷ ಸಿಸ್ಕೊ ಕಂಪನಿಯ ನೆಟ್‌ವರ್ಕ್ ಪರೀಕ್ಷೆ ಸಿಸಿಎನ್‌ಎ ಪಾಸಾದೆ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಕೆಲಸಕ್ಕೆ 60ಕ್ಕೂ ಜಾಸ್ತಿ ಕಡೆ ಅರ್ಜಿ ಹಾಕಿದ್ದೇನೆ. ಎರಡೇ ಫೋನ್ ಬಂತು, ಅದೂ ಮುಂದುವರಿಯಲಿಲ್ಲ. ಗೆಳೆಯನೊಬ್ಬ ‘5 ವರ್ಷ ಅನುಭವ ಅಂತ ಹಾಕು, ಫೀಲ್ಡ್ ಅನ್ನೋ ಪದಾನೇ ಬರೀಬೇಡ’ ಅಂತಾನೆ. ಕನ್ನಡ ಮೀಡಿಯಂನಲ್ಲಿ ಓದಿದವನು, ಇಂಗ್ಲಿಷ್ ಅಷ್ಟಕ್ಕಷ್ಟೇ. ನನ್ನ 4 ಪುಟದ ರೆಸ್ಯೂಮ್ ಕಳಿಸಿದ್ದೇನೆ. ಹೇಗೆ ತಿದ್ದಲಿ?

ಉತ್ತರ: ನಾಲ್ಕೂ ಪುಟ ಎರಡು ಸಲ ಓದಿದೆ. ಮೊದಲ ಪುಟದಲ್ಲಿ ಜೀವನದ ಗುರಿ ಅಂತ ಐದು ಸಾಲು ಇದೆ. ಎರಡನೇ ಪುಟದ ತುಂಬ ಪ್ರೋಟೊಕಾಲ್‌ಗಳ (ನೆಟ್‌ವರ್ಕ್ ಉಪಕರಣಗಳು ಪರಸ್ಪರ ಮಾತಾಡುವ ನಿಯಮಗಳ) ಹೆಸರು. ಎಣಿಸಿದೆ, 31 ಇವೆ. ಮೂರನೇ ಪುಟದ ಕೊನೆಯಲ್ಲಿ ನಿಮ್ಮ 3 ವರ್ಷದ ದುಡಿಮೆ ಎರಡೇ ಸಾಲಿನಲ್ಲಿ ಮುಗಿದಿದೆ: ‘ಹೊಸ ಕನೆಕ್ಷನ್ ಕೊಡುವುದು, ದೂರು ಬಗೆಹರಿಸುವುದು.’ ನಾಲ್ಕನೇ ಪುಟದಲ್ಲಿ ತಂದೆಯ ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ, ಹವ್ಯಾಸ, ‘ಮೇಲಿನದೆಲ್ಲ ನಿಜ’ ಅನ್ನುವ ಘೋಷಣೆ, ಸಹಿ.

ರಾತ್ರಿ 11ಕ್ಕೆ ಮಳೆಯಲ್ಲಿ ಕಟ್ ಆದ ಫೈಬರ್ ಹುಡುಕಿಕೊಂಡು ಹೋಗುವ ಹುಡುಗ ಈ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ನಿಮಗೆ ಕರೆ ಬಾರದಿರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನಗನ್ನಿಸುತ್ತದೆ. ನಿಮ್ಮ ಅನುಭವ ಕಡಿಮೆಯೇನಲ್ಲ. ಅದನ್ನು ನೀವೇ ನಾಚಿಕೆಪಟ್ಟು ಮುಚ್ಚಿಟ್ಟಿದ್ದೀರಿ.

ನಾನು ಬಹಳ ವರ್ಷ ನೆಟ್‌ವರ್ಕ್ ತಂಡಗಳಿಗೆ ಜನ ಆರಿಸುವ ಕೆಲಸ ಮಾಡಿದ್ದೇನೆ. ನಿಮ್ಮಂಥ ರೆಸ್ಯೂಮ್ ನೂರಾರು ಬರುತ್ತವೆ. ಎಲ್ಲದರಲ್ಲೂ ಡೇಟಾಗೆ ದಾರಿ ತೋರಿಸುವ ಪ್ರೋಟೊಕಾಲ್‌ಗಳ ಅದೇ ಪಟ್ಟಿ: ಒಎಸ್‌ಪಿಎಫ್, ಬಿಜಿಪಿ, ಇಐಜಿಆರ್‌ಪಿ, ಎಂಪಿಎಲ್‌ಎಸ್. ಪಟ್ಟಿ ನೋಡಿ ಯಾರು ಏನು ಮಾಡಿದ್ದಾರೆ ಅಂತ ಹೇಳಲು ಆಗುವುದೇ ಇಲ್ಲ. ನಾನು ಹುಡುಕುತ್ತಿದ್ದದ್ದು ಮೂರು ವಿಷಯ. ಇವರು ಕೈಹಾಕಿದ ನೆಟ್‌ವರ್ಕ್ ಎಷ್ಟು ದೊಡ್ಡದು? ಅಲ್ಲಿ ಏನು ಕೆಟ್ಟಿತು? ಇವರು ಅದನ್ನು ಹೇಗೆ ಪತ್ತೆ ಹಚ್ಚಿದರು? ಈ ಮೂರಕ್ಕೂ ಉತ್ತರ ಇರುವ ಒಂದೇ ಒಂದು ಸಾಲು ಕಂಡರೂ ಸಾಕು, ಆ ರೆಸ್ಯೂಮ್ ಬದಿಗೆ ತೆಗೆದಿಟ್ಟುಕೊಳ್ಳುತ್ತಿದ್ದೆ.

ಆದ್ದರಿಂದ ನಿಮ್ಮ ಕೆಲಸದ ಭಾಗದಿಂದಲೇ ಶುರು ಮಾಡೋಣ. ಅಲ್ಲೇ ಜಾಸ್ತಿ ಹೊತ್ತು ನಿಲ್ಲೋಣ.

ರೆಸ್ಯೂಮ್ ಇಂಗ್ಲಿಷಿನಲ್ಲೇ ಇರಬೇಕು. ನಾನು ಇಲ್ಲಿ ತಿರುಳನ್ನು ಕನ್ನಡದಲ್ಲಿ ಹೇಳುತ್ತೇನೆ. ಮೊದಲು ನೆಟ್‌ವರ್ಕ್‌ನ ಅಳತೆ. ನಿಮ್ಮ ಕಂಪನಿಯಲ್ಲಿ ಎಷ್ಟು ಓಎಲ್‌ಟಿ (ಗ್ರಾಹಕರ ಫೈಬರ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಇವೆ? ಎಷ್ಟು ಮನೆ, ಎಷ್ಟು ಅಂಗಡಿ, ಎಷ್ಟು ಆಫೀಸು? ಸ್ವಿಚ್ ಎಷ್ಟು, ಯಾವ ಕಂಪನಿಯದು? ಊರೂರಿನ ಸಣ್ಣ ಇಂಟರ್‌ನೆಟ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಮೈಕ್ರೋಟಿಕ್ ರೂಟರ್ ಇರುತ್ತದೆ. ನಿಮ್ಮಲ್ಲೂ ಇದ್ದರೆ ಅದನ್ನು ಹೆಸರು ಹಿಡಿದು ಬರೆಯಿರಿ. ‘ಸಿಸ್ಕೊ ಅಲ್ಲವಲ್ಲ’ ಅಂತ ಹಿಂಜರಿಯಬೇಡಿ. ಪಿಪಿಪಿಒಇ (ಗ್ರಾಹಕರ ಲಾಗಿನ್ ಸಂಪರ್ಕ), ವಿಲ್ಯಾನ್ (ನೆಟ್‌ವರ್ಕ್‌ನ ಒಳವಿಭಾಗ), ನ್ಯಾಟ್ (ಐಪಿ ವಿಳಾಸ ಬದಲಿಸುವುದು), ಫೈರ್‌ವಾಲ್ ರೂಲ್ ಇವೆಲ್ಲ ಯಾವ ಪೆಟ್ಟಿಗೆಯಲ್ಲಿ ಮಾಡಿದರೂ ಅದೇ ತತ್ವ. ಹಾಗಾಗಿ ‘ದೂರು ಬಗೆಹರಿಸುವುದು’ ಅನ್ನುವ ಸಾಲು ಹೀಗಾಗಬೇಕು: ‘3 ಓಎಲ್‌ಟಿ, ಸುಮಾರು 1,200 ಸಂಪರ್ಕಗಳಿರುವ ಜಿಪಾನ್ ನೆಟ್‌ವರ್ಕ್‌ನಲ್ಲಿ ದಿನಕ್ಕೆ 6ರಿಂದ 8 ದೂರು ಸ್ಥಳಕ್ಕೆ ಹೋಗಿ ಸರಿಪಡಿಸಿದೆ. ಪವರ್ ಮೀಟರ್, ಓಟಿಡಿಆರ್, ಸ್ಪ್ಲೈಸಿಂಗ್ ಮೆಷಿನ್ ಬಳಕೆ.’ (ಉಳಿದ ಓದುಗರಿಗೆ: ಜಿಪಾನ್ ಅಂದರೆ ಮನೆಮನೆಗೆ ಫೈಬರ್ ಹಂಚುವ ವ್ಯವಸ್ಥೆ, ಓಟಿಡಿಆರ್ ಅಂದರೆ ಫೈಬರ್ ಎಷ್ಟು ದೂರದಲ್ಲಿ ತುಂಡಾಗಿದೆ ಅಂತ ತೋರಿಸುವ ಉಪಕರಣ, ಸ್ಪ್ಲೈಸಿಂಗ್ ಅಂದರೆ ತುಂಡಾದ ಫೈಬರ್ ಜೋಡಿಸುವುದು.) ಇಲ್ಲಿನ ಸಂಖ್ಯೆಗಳು ನನ್ನ ಊಹೆ. ನಿಮ್ಮ ನಿಜವಾದ ಲೆಕ್ಕ ಹಾಕಿ. 400 ಇದ್ದರೆ 400 ಅಂತಲೇ ಬರೆಯಿರಿ.

ಆಮೇಲೆ ಘಟನೆಗಳು. 3 ವರ್ಷದಲ್ಲಿ ನಿಮ್ಮ ತಲೆ ಕೆಡಿಸಿದ ದೂರುಗಳನ್ನು ನೆನಪು ಮಾಡಿಕೊಳ್ಳಿ. ನಿಮ್ಮ ಥರದ ಕೆಲಸದಲ್ಲಿ ಏನೇನು ಬರುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ಒಂದೆರಡು ಉದಾಹರಣೆ ಕೊಡುತ್ತೇನೆ.

‘ಮನೆಯ ಸಿಸಿಟಿವಿ ಮೊಬೈಲ್‌ನಲ್ಲಿ ಕಾಣ್ತಿಲ್ಲ, ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಆಗ್ತಿಲ್ಲ’ ಅಂತ ಗ್ರಾಹಕರು ಫೋನ್ ಮಾಡಿರುತ್ತಾರೆ, ಅಲ್ವಾ? ನೀವು ಹೋಗಿ ರೂಟರ್‌ನ ವ್ಯಾನ್ ವಿಳಾಸ (ಹೊರಬದಿಯ ಐಪಿ) ನೋಡಿದರೆ ಅದು 100.64ರಿಂದ ಶುರುವಾಗಿರುತ್ತದೆ. ಅದು 100.64.0.0/10 ಗುಂಪಿನ ವಿಳಾಸ. ಇಂಟರ್‌ನೆಟ್ ಕಂಪನಿಗಳು ಒಂದು ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚುವಾಗ ಬಳಸಲೆಂದೇ ಇಟ್ಟಿರುವುದು. ಹೊರಗಿನಿಂದ ಅಲ್ಲಿಗೆ ನೇರ ದಾರಿ ಇಲ್ಲ. ಆ ಗ್ರಾಹಕರಿಗೆ ಸ್ಟ್ಯಾಟಿಕ್ ಐಪಿ ಕೊಡಿಸಿಯೋ ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್‌ನ ಕ್ಲೌಡ್ ಸೌಲಭ್ಯ ಹಚ್ಚಿಯೋ ನೀವು ಸರಿಪಡಿಸಿರುತ್ತೀರಿ. ನಿಮಗೆ ಇದು ಹತ್ತರಲ್ಲಿ ಹನ್ನೊಂದನೇ ದೂರು. ಓದುವ ಮ್ಯಾನೇಜರಿಗೆ ಇದು ನಿಮಗೆ ಹೀಗೆ ಐಪಿ ಹಂಚುವ ಕ್ಯಾರಿಯರ್ ಗ್ರೇಡ್ ನ್ಯಾಟ್ ಪುಸ್ತಕದಾಚೆಗೂ ಗೊತ್ತು ಅನ್ನುವುದಕ್ಕೆ ಸಾಕ್ಷಿ.

ಇನ್ನೊಂದು. ‘ಎಲ್ಲ ವೆಬ್‌ಸೈಟೂ ಬರುತ್ತೆ, ಒಂದೇ ಒಂದು ಮಾತ್ರ ಓಪನ್ ಆಗಲ್ಲ.’ ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಪುಟ ಮಾತ್ರ ಸುತ್ತುತ್ತಲೇ ಇರುತ್ತದೆ. ಪಿಪಿಪಿಒಇ 8 ಬೈಟ್ ತಿನ್ನುತ್ತದೆ, ಹಾಗಾಗಿ 1500 ಇರಬೇಕಾದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) 1492ಕ್ಕೆ ಇಳಿಯುತ್ತದೆ. ದಾರಿಯಲ್ಲಿ ಯಾರೋ ‘ಪ್ಯಾಕೆಟ್ ದೊಡ್ಡದಾಯಿತು’ ಅಂತ ತಿಳಿಸುವ ಐಸಿಎಂಪಿ ಸಂದೇಶ ತಡೆದಿದ್ದರೆ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಪ್ಯಾಕೆಟ್‌ನೊಳಗಿನ ಡೇಟಾದ ಮಿತಿ) 1452ಕ್ಕೆ ಇಳಿಸಿದರೆ ಪುಟ ತೆರೆಯುತ್ತದೆ. ಇಂಥದ್ದೊಂದನ್ನು ನೀವು ಸರಿಪಡಿಸಿದ್ದರೆ ಅದು ನಿಮ್ಮ ರೆಸ್ಯೂಮ್‌ನ ಮೊದಲ ಅರ್ಧ ಪುಟದಲ್ಲಿ ಇರಬೇಕು. ಎಷ್ಟೋ ದೊಡ್ಡ ಕಂಪನಿಯ ಎಂಜಿನಿಯರುಗಳಿಗೂ ಈ ತೊಂದರೆ ಗುರುತಿಸಲು ಅರ್ಧ ದಿನ ಬೇಕಾಗುತ್ತದೆ.

ಕಾಲೇಜು, ಆಫೀಸುಗಳಿಗೂ ಹೋಗಿರುತ್ತೀರಿ. ಅಲ್ಲಿ ಯಾರೋ ಮನೆಯಿಂದ ವೈಫೈ ರೂಟರ್ ತಂದು ಅದರ ಲ್ಯಾನ್ ಪೋರ್ಟಿಗೆ ಗೋಡೆಯ ಕೇಬಲ್ ಚುಚ್ಚಿರುತ್ತಾರೆ. ಅಷ್ಟೇ, ಇಡೀ ಮಹಡಿಯ ಕಂಪ್ಯೂಟರುಗಳಿಗೆ ಆ ರೂಟರೇ ಐಪಿ ಹಂಚಲು ಶುರು ಮಾಡುತ್ತದೆ, ಯಾರಿಗೂ ಇಂಟರ್‌ನೆಟ್ ಇರುವುದಿಲ್ಲ. ನೀವು ಕೆಟ್ಟ ಗೇಟ್‌ವೇಯ ಮ್ಯಾಕ್ ವಿಳಾಸ (ಉಪಕರಣದ ಹಾರ್ಡ್‌ವೇರ್ ಗುರುತು) ತೆಗೆದು, ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಪೋರ್ಟ್ ಹುಡುಕಿ, ಆ ರೂಟರ್ ಕಳಚಿ, ಮತ್ತೆ ಹೀಗಾಗದಂತೆ ಡಿಎಚ್‌ಸಿಪಿ ಸ್ನೂಪಿಂಗ್ (ಬೇರೆ ರೂಟರ್ ಐಪಿ ಹಂಚದಂತೆ ಸ್ವಿಚ್‌ನಲ್ಲೇ ತಡೆ) ಹಾಕಿದ್ದರೆ ಅದನ್ನು ಎರಡು ಸಾಲಿನಲ್ಲಿ ಬರೆಯಿರಿ. ಸ್ನೂಪಿಂಗ್ ಹಾಕಿಲ್ಲ, ರೂಟರ್ ಮಾತ್ರ ಕಳಚಿದಿರಿ ಅಂತಾದರೆ ಅಷ್ಟನ್ನೇ ಬರೆಯಿರಿ. ಸಂದರ್ಶನದಲ್ಲಿ ‘ಈಗಾದರೆ ಸ್ನೂಪಿಂಗ್ ಹಾಕುತ್ತಿದ್ದೆ’ ಅಂತ ಹೇಳಿದರೆ ಕೇಳುವವರಿಗೆ ಖುಷಿಯೇ ಆಗುತ್ತದೆ.

ಇಂಥ 4 ಅಥವಾ 5 ಘಟನೆ ಸಾಕು. ಪ್ರತಿಯೊಂದಕ್ಕೂ ಏನಾಯಿತು, ಹೇಗೆ ಕಂಡುಹಿಡಿದೆ, ಏನು ಮಾಡಿದೆ, ಎಷ್ಟು ಹೊತ್ತಿನಲ್ಲಿ ಸರಿಹೋಯಿತು ಅನ್ನುವುದು ಇರಲಿ. ಫೈಬರ್ ಕಟ್ ಕೂಡ ಹಾಗೆಯೇ: ‘ಓಟಿಡಿಆರ್‌ನಲ್ಲಿ 2.3 ಕಿಲೋಮೀಟರ್ ದೂರದಲ್ಲಿ ತುಂಡು ಕಂಡಿತು, ರಸ್ತೆ ಅಗೆತದ ಜಾಗ ಗುರುತಿಸಿ ಸ್ಪ್ಲೈಸ್ ಮಾಡಿ 90 ನಿಮಿಷದಲ್ಲಿ 180 ಸಂಪರ್ಕ ಮರಳಿ ತಂದೆ.’ ಎನ್‌ಒಸಿಯಲ್ಲಿ (ನೆಟ್‌ವರ್ಕ್ ನಿಗಾ ಕೇಂದ್ರದಲ್ಲಿ) ಕೂತವರು ಪರದೆಯ ಮೇಲೆ ಲಿಂಕ್ ಕೆಂಪಾಗುವುದನ್ನು ನೋಡುತ್ತಾರೆ. ಆ ಕೆಂಪಿನ ಹಿಂದೆ ರಸ್ತೆಯಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತು. ಇದು ನಿಮ್ಮ ಬಲ.

ಇನ್ನು ಆ 31 ಪ್ರೋಟೊಕಾಲ್. ಪ್ರತಿ ಹೆಸರಿನ ಮುಂದೆ ನಿಂತು ನಿಮ್ಮನ್ನೇ ಕೇಳಿಕೊಳ್ಳಿ: ಇದರ ಬಗ್ಗೆ ಬೋರ್ಡ್ ಮುಂದೆ ನಿಂತು 10 ನಿಮಿಷ ಮಾತಾಡಬಲ್ಲೆನಾ? ಒಎಸ್‌ಪಿಎಫ್ ಅಂತ ಬರೆದರೆ ‘ಎರಡು ರೂಟರ್ ನಡುವೆ ನೆಯ್ಬರ್ ಆಗುತ್ತಿಲ್ಲ, ಏನೇನು ನೋಡುತ್ತೀರಿ?’ ಅಂತ ಕೇಳುವುದು ಗ್ಯಾರಂಟಿ. ಏರಿಯಾ ಒಂದೇನಾ, ಸಬ್‌ನೆಟ್ ಮಾಸ್ಕ್ ಸರಿ ಇದೆಯಾ, ಹೆಲೋ ಮತ್ತು ಡೆಡ್ ಟೈಮರ್ ಹೊಂದುತ್ತವಾ, ಅಥೆಂಟಿಕೇಶನ್ ಇದೆಯಾ, ರೂಟರ್ ಐಡಿ ಎರಡೂ ಕಡೆ ಒಂದೇ ಆಗಿಬಿಟ್ಟಿದೆಯಾ? ನೆಯ್ಬರ್ ಆಗುವ ಎಕ್ಸ್‌ಸ್ಟಾರ್ಟ್ ಹಂತದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಎಂಟಿಯು ನೋಡುತ್ತೇನೆ. ಇಷ್ಟು ಹೇಳಬಲ್ಲಿರಾದರೆ ಒಎಸ್‌ಪಿಎಫ್ ಇರಲಿ. ಬಿಜಿಪಿ ಅಂದರೆ ಹೆಸರು ಕೇಳಿದ್ದೇನೆ ಅಷ್ಟೇ ಅಂತಾದರೆ ತೆಗೆದುಹಾಕಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜಗಳೂ ನಂಬಿಕೆ ಕಳೆದುಕೊಳ್ಳುತ್ತವೆ. ಚೆನ್ನಾಗಿ ಕೆಲಸ ಬಲ್ಲ ಹುಡುಗ ಹುಡುಗಿಯರು ಪಟ್ಟಿಯಲ್ಲಿ ಸುಮ್ನೆ ಸೇರಿಸಿದ ಒಂದೇ ಪದದಿಂದ ಎಡವಿದ್ದನ್ನು ನಾನು ಎದುರು ಕೂತು ನೋಡಿದ್ದೇನೆ. ಆಮೇಲೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಬೇಜಾರಾಗುತ್ತಿತ್ತು.

ಉಳಿದ ಹೆಸರುಗಳನ್ನು ಎರಡು ಭಾಗ ಮಾಡಿ. ಕೆಲಸದಲ್ಲಿ ದಿನಾ ಬಳಸುವುದು ಒಂದು ಸಾಲು. ಲ್ಯಾಬ್‌ನಲ್ಲಿ ಕಲಿತದ್ದು ಇನ್ನೊಂದು ಸಾಲು, ‘ಲ್ಯಾಬ್’ ಅನ್ನುವ ಪದ ಹಾಕಿಯೇ ಬರೆಯಿರಿ. ಇದರಿಂದ ನಿಮ್ಮ ಬೆಲೆ ಕಡಿಮೆಯಾಗುವುದಿಲ್ಲ. ಎಲ್ಲಿಂದ ಪ್ರಶ್ನೆ ಕೇಳಬೇಕು ಅಂತ ಎದುರಿನವರಿಗೆ ಗೊತ್ತಾಗುತ್ತದೆ, ನಿಮಗೂ ಅದು ಒಳ್ಳೆಯದು.

ನಿಮ್ಮ ಸಿಸಿಎನ್‌ಎಯನ್ನು ಶಿಕ್ಷಣದ ಕೆಳಗೆ ಎಲ್ಲೋ ಸಣ್ಣಗೆ ಬರೆದಿದ್ದೀರಿ. ಮೇಲಕ್ಕೆ ತನ್ನಿ, ಹೆಸರಿನ ಕೆಳಗಿನ ಪರಿಚಯದ ಸಾಲಿನಲ್ಲೇ ಇರಲಿ. 2020ರ ಫೆಬ್ರವರಿಯಿಂದ ಸಿಸಿಎನ್‌ಎ ಅಂದರೆ 200-301 ಅನ್ನುವ ಒಂದೇ ಪರೀಕ್ಷೆ. ಸರ್ಟಿಫಿಕೇಟ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಪಾಸಾದ ತಿಂಗಳು, ಮುಗಿಯುವ ತಿಂಗಳು ಎರಡನ್ನೂ ಬರೆಯಿರಿ. ಡಿಜಿಟಲ್ ಬ್ಯಾಡ್ಜ್‌ನ ಲಿಂಕ್ ಕೊಡಿ. ಇನ್‌ಸ್ಟಿಟ್ಯೂಟ್‌ನಲ್ಲಿ ಕೋರ್ಸ್ ಮುಗಿಸಿದವರೂ ‘ಸಿಸಿಎನ್‌ಎ’ ಅಂತಲೇ ಬರೆದುಕೊಳ್ಳುವ ರೂಢಿ ಇದೆ. ಕೋರ್ಸ್ ಪತ್ರವೇ ಬೇರೆ, ಪರೀಕ್ಷೆ ಪಾಸಾಗುವುದೇ ಬೇರೆ. ನೀವು ಪರೀಕ್ಷೆ ಪಾಸಾದವರು. ಆ ವ್ಯತ್ಯಾಸ ನಿಮ್ಮ ರೆಸ್ಯೂಮ್‌ನಲ್ಲಿ ಕಣ್ಣಿಗೆ ಹೊಡೆಯಬೇಕು.

ಫೀಲ್ಡ್ ಕೆಲಸದಲ್ಲಿ ನಿಮಗೆ ಸಿಗದೇ ಇರುವುದು ದೊಡ್ಡ ಕಂಪನಿಯ ಕ್ಯಾಂಪಸ್ ನೆಟ್‌ವರ್ಕ್. ಅದನ್ನು ಲ್ಯಾಬ್‌ನಿಂದ ತುಂಬಿಸಿ. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ಕಲಿಯುವ ಪ್ಯಾಕೆಟ್ ಟ್ರೇಸರ್ ಆಗಲೇ ಬಳಸಿದ್ದೀರಿ. ಈಗ ಜಿಎನ್‌ಎಸ್3 ಅಥವಾ ಈವ್-ಎನ್‌ಜಿಗೆ ಬನ್ನಿ, ಎರಡೂ ಉಚಿತವಾಗಿ ಸಿಗುತ್ತವೆ. ಒಂದು ಮುಖ್ಯ ಕಚೇರಿ, ಎರಡು ಶಾಖೆ ಕಟ್ಟಿ. ಮೂರು ವಿಲ್ಯಾನ್, ಒಎಸ್‌ಪಿಎಫ್, ಎಚ್‌ಎಸ್‌ಆರ್‌ಪಿ (ಒಂದು ರೂಟರ್ ಕೆಟ್ಟರೆ ಇನ್ನೊಂದು ವಹಿಸಿಕೊಳ್ಳುವುದು), ಶಾಖೆಗಳ ನಡುವೆ ಐಪಿಸೆಕ್ ಸುರಂಗ (ಗುಟ್ಟು ಕಾಯುವ ಸಂಪರ್ಕ). ಕಟ್ಟಿದ್ದಾದ ಮೇಲೆ ಕೆಡಿಸಿ. ಒಂದು ಕಡೆ ಎಂಟಿಯು 1400 ಮಾಡಿ ಒಎಸ್‌ಪಿಎಫ್ ಎಲ್ಲಿ ನಿಲ್ಲುತ್ತದೆ ನೋಡಿ, ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ಹಿಡಿದು ನೋಡಿ, ಕಂಡದ್ದನ್ನು ಬರೆದಿಡಿ. ಪೈಥಾನ್ ಸ್ವಲ್ಪ ಬಂದರೆ ಅದರ ನೆಟ್‌ಮಿಕೊ ಲೈಬ್ರರಿ ಬಳಸಿ ಐದು ಸ್ವಿಚ್‌ಗಳ ಕಾನ್ಫಿಗ್ (ಸೆಟ್ಟಿಂಗ್) ಬ್ಯಾಕಪ್ ತೆಗೆಯುವ 30 ಸಾಲಿನ ಸ್ಕ್ರಿಪ್ಟ್ ಬರೆಯಿರಿ. ಇದನ್ನೆಲ್ಲ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹಾಕಿ, ಲಿಂಕನ್ನು ರೆಸ್ಯೂಮ್‌ನಲ್ಲಿ ಕೊಡಿ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಕೇಳಿ. ನಿಮ್ಮ ಕಂಪನಿಯ ನಿಜವಾದ ಕಾನ್ಫಿಗ್, ಗ್ರಾಹಕರ ಹೆಸರು, ನಿಜವಾದ ಪಬ್ಲಿಕ್ ಐಪಿ ಯಾವುದನ್ನೂ ಎಲ್ಲೂ ಹಾಕಬಾರದು. ಗ್ರಾಹಕರನ್ನು ‘ಒಂದು ಸಹಕಾರಿ ಬ್ಯಾಂಕಿನ 4 ಶಾಖೆ’ ಅಂತಷ್ಟೇ ಬರೆಯಿರಿ. ಉದಾಹರಣೆಗೆ ಐಪಿ ಬೇಕಾದರೆ 192.0.2.0/24, 198.51.100.0/24, 203.0.113.0/24 ಇವೆ. ದಾಖಲೆಗಳಲ್ಲಿ ಉದಾಹರಣೆ ಕೊಡಲೆಂದೇ ಆರ್‌ಎಫ್‌ಸಿ 5737 ಅನ್ನುವ ಇಂಟರ್‌ನೆಟ್ ತಾಂತ್ರಿಕ ದಾಖಲೆಯಲ್ಲಿ ಇವನ್ನು ತೆಗೆದಿಟ್ಟಿದ್ದಾರೆ. ಲ್ಯಾಬ್ ಕಾನ್ಫಿಗ್‌ನಲ್ಲೂ ಪಾಸ್‌ವರ್ಡ್ ಸಾಲು ಅಳಿಸಿ. ಸಿಸ್ಕೊದ ಟೈಪ್ 7 ಪಾಸ್‌ವರ್ಡ್ ನೋಡಲು ಗುಟ್ಟಿನಂತೆ ಕಂಡರೂ ಕ್ಷಣದಲ್ಲಿ ಬಿಡಿಸಬಹುದು. ಇಂಥ ಎಚ್ಚರ ಇರುವವರ ಕೈಗೆ ನೆಟ್‌ವರ್ಕ್ ಕೊಡಲು ಯಾರಿಗೂ ಭಯವಿರುವುದಿಲ್ಲ.

ಗೆಳೆಯರ ಸಲಹೆಗೆ ಬರೋಣ. 5 ವರ್ಷ ಅಂತ ಹಾಕಬೇಡಿ. ಬೆಂಗಳೂರಿನ ಕಂಪನಿಗಳಲ್ಲಿ ಸೇರಿಸಿಕೊಳ್ಳುವ ಮುಂಚೆಯೋ ಸೇರಿದ ಮೇಲೋ ಹಿನ್ನೆಲೆ ಪರಿಶೀಲನೆ ಇರುತ್ತದೆ. ಪಿಎಫ್‌ನ ಯುಎಎನ್ ಖಾತೆಯಲ್ಲಿ ನೀವು ಯಾವ ತಿಂಗಳು ಎಲ್ಲಿ ಸೇರಿದಿರಿ ಅಂತ ಇರುತ್ತದೆ. ಪಿಎಫ್ ಇಲ್ಲದಿದ್ದರೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಸೇರಿ ಮೂರು ತಿಂಗಳಾದ ಮೇಲೆ ಸುಳ್ಳು ಹೊರಬಿದ್ದು ಕೆಲಸ ಕಳೆದುಕೊಂಡವರನ್ನು ಕಂಡಿದ್ದೇನೆ. ಆಗ ಹಳೆಯ ಕೆಲಸವೂ ಇರುವುದಿಲ್ಲ, ಹೊಸದೂ ಇರುವುದಿಲ್ಲ. ಮನೆಗೆ ಹೇಳುವುದು ಇನ್ನೂ ಕಷ್ಟ. ಹುದ್ದೆಯ ಹೆಸರೂ ನೇಮಕ ಪತ್ರದಲ್ಲಿ ಇದ್ದಂತೆಯೇ ಇರಲಿ: ಫೀಲ್ಡ್ ಎಂಜಿನಿಯರ್. ಅದರ ಕೆಳಗಿನ ಸಾಲುಗಳೇ ನೀವು ಯಾವ ಎಂಜಿನಿಯರ್ ಅಂತ ಹೇಳಲಿ.

ಇಂಗ್ಲಿಷ್ ಬಗ್ಗೆ ನೀವು ಹೆದರಿರುವಷ್ಟು ಹೆದರಬೇಕಿಲ್ಲ. ಈ ಕೆಲಸದ ರೆಸ್ಯೂಮ್‌ಗೆ ಬೇಕಾಗಿರುವುದು ಸಣ್ಣ ಸಣ್ಣ ವಾಕ್ಯ. ‘ನಾನು’ ಅಂತ ಶುರು ಮಾಡುವುದೂ ಬೇಡ. ಪತ್ತೆ ಹಚ್ಚಿದೆ, ಬದಲಿಸಿದೆ, ಹಾಕಿದೆ, ಸರಿಪಡಿಸಿದೆ ಅನ್ನುವ ಹತ್ತು ಹನ್ನೆರಡು ಕ್ರಿಯಾಪದಗಳ ಇಂಗ್ಲಿಷ್ ರೂಪ ಸರಿಯಾಗಿ ಗೊತ್ತಿದ್ದರೆ ಒಂದಿಡೀ ರೆಸ್ಯೂಮ್ ಬರೆಯಬಹುದು. ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ದೊಡ್ಡ ದೊಡ್ಡ ಪದ ಹುಡುಕಬೇಡಿ. ಕಾಗುಣಿತ ಮಾತ್ರ ತಪ್ಪಬಾರದು, ಅದರಲ್ಲೂ ಉಪಕರಣಗಳ ಹೆಸರು. ಮೈಕ್ರೋಟಿಕ್‌ನ ಇಂಗ್ಲಿಷ್ ಹೆಸರಿನಲ್ಲಿ ‘ಸಿ’ ಅಕ್ಷರವೇ ಇಲ್ಲ, ಎರಡು ಕಡೆಯೂ ‘ಕೆ’. ಫೋರ್ಟಿನೆಟ್ ಅಂದರೆ ಕಂಪನಿ, ಫೋರ್ಟಿಗೇಟ್ ಅಂದರೆ ಅದರ ಫೈರ್‌ವಾಲ್. ದಿನಾ ಮುಟ್ಟುವ ಪೆಟ್ಟಿಗೆಯ ಹೆಸರನ್ನೇ ತಪ್ಪು ಬರೆದರೆ ನಿಜವಾಗಿ ಮುಟ್ಟಿದ್ದಾರಾ ಅಂತ ಅನುಮಾನ ಬರುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನಾಲ್ಕನೇ ಪುಟ ಪೂರ್ತಿ ತೆಗೆಯಿರಿ. ಆಧಾರ್ ಸಂಖ್ಯೆಯನ್ನಂತೂ ಯಾವ ರೆಸ್ಯೂಮ್‌ನಲ್ಲೂ ಹಾಕಬೇಡಿ, ಅದು ಯಾರ್ಯಾರ ಕೈ ಸೇರುತ್ತದೋ ಗೊತ್ತಾಗುವುದಿಲ್ಲ. ಗುರಿಯ ಐದು ಸಾಲಿನ ಜಾಗದಲ್ಲಿ ಪರಿಚಯದ ಎರಡು ಸಾಲು ಸಾಕು: 3 ವರ್ಷ ಫೀಲ್ಡ್ ಅನುಭವ, ಸಿಸಿಎನ್‌ಎ, ಶಿಫ್ಟ್ ಕೆಲಸಕ್ಕೆ ಸಿದ್ಧ. 3 ವರ್ಷದ ಅನುಭವಕ್ಕೆ ಒಂದು ಪುಟ ಸಾಕು, ತುಂಬಿ ಹರಿದರೆ ಒಂದೂವರೆ. ಎರಡು ಕಾಲಂ, ಬಣ್ಣದ ಪಟ್ಟಿ, ‘ರೂಟಿಂಗ್ 80 ಪರ್ಸೆಂಟ್’ ಅನ್ನುವ ಗೆರೆ ಯಾವುದೂ ಬೇಡ. ರೆಸ್ಯೂಮ್ ಓದುವ ಸಾಫ್ಟ್‌ವೇರ್‌ಗಳು ಕಾಲಂಗಳಲ್ಲಿ ದಾರಿ ತಪ್ಪುತ್ತವೆ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರೇ ಇಡಿ.

ನೌಕ್ರಿಯಂಥ ತಾಣದಲ್ಲಿ ರಿಕ್ರೂಟರ್‌ಗಳು ಪದ, ಊರು, ನೋಟಿಸ್ ಅವಧಿ ಹಾಕಿ ಜರಡಿ ಹಿಡಿಯುತ್ತಾರೆ. ನಿಮ್ಮ ಪ್ರೊಫೈಲ್‌ನಲ್ಲಿ ಊರು ಹಾಸನ ಅಂತಷ್ಟೇ ಇದೆ. ಬೆಂಗಳೂರಿಗೆ ಬರಲು ಸಿದ್ಧ ಅಂತ ಸೇರಿಸಿ, ಬೇಕಾದ ಊರಿನ ಜಾಗದಲ್ಲಿ ಬೆಂಗಳೂರು ಆರಿಸಿ. ನೋಟಿಸ್ 30 ದಿನ ಇದ್ದರೆ ಅದನ್ನೂ ಹಾಕಿ, ಎಷ್ಟೋ ಕಡೆ 90 ದಿನ ಇರುವಾಗ 30 ದಿನ ನಿಮ್ಮ ಅನುಕೂಲ. ಹುಡುಕುವ ಪದವನ್ನೂ ಬದಲಿಸಿ. ‘ನೆಟ್‌ವರ್ಕ್ ಎಂಜಿನಿಯರ್’ ಜೊತೆಗೆ ಎನ್‌ಒಸಿ ಎಂಜಿನಿಯರ್ ಎಲ್1, ನೆಟ್‌ವರ್ಕ್ ಸಪೋರ್ಟ್, ರೆಸಿಡೆಂಟ್ ಎಂಜಿನಿಯರ್ ಅಂತಲೂ ಹುಡುಕಿ. ಸಿಸ್ಟಮ್ ಇಂಟಿಗ್ರೇಟರ್ ಕಂಪನಿಗಳು (ಬೇರೆ ಕಂಪನಿಗಳಿಗೆ ನೆಟ್‌ವರ್ಕ್ ಕಟ್ಟಿಕೊಡುವವರು) ತಮ್ಮ ಗ್ರಾಹಕರ ಆಫೀಸಿನಲ್ಲೇ ಕೂರಿಸುವ ರೆಸಿಡೆಂಟ್ ಎಂಜಿನಿಯರ್ ಕೆಲಸ ನಿಮಗೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಸ್ವಿಚ್, ಫೈರ್‌ವಾಲ್, ರ್‍ಯಾಕ್ ಎಲ್ಲಕ್ಕೂ ಕೈ ಹಾಕಲು ಸಿಗುತ್ತದೆ.

60 ಕಡೆಗೂ ಒಂದೇ ರೆಸ್ಯೂಮ್ ಕಳಿಸಿದ್ದೀರಿ. ಇನ್ನು ಮುಂದೆ ಜಾಹೀರಾತು ಓದಿ. ಅವರು ಮಾನಿಟರಿಂಗ್ ಕೇಳಿದ್ದರೆ ನಿಮ್ಮ ಕಂಪನಿಯಲ್ಲಿ ಬಳಸುವ ಮಾನಿಟರಿಂಗ್ ಟೂಲ್‌ನ ಸಾಲು ಮೇಲೆ ಬರಲಿ, ಫೈರ್‌ವಾಲ್ ಕೇಳಿದ್ದರೆ ಅದು ಮೇಲೆ ಬರಲಿ. ಒಂದು ಅರ್ಜಿಗೆ ಹತ್ತು ನಿಮಿಷದ ಕೆಲಸ.

ಮೊದಲ ಕೆಲಸ ಮಾತ್ರ ಈ ವಾರವೇ ಮಾಡಿ. ಕಂಪನಿ ಬಿಟ್ಟ ದಿನ ದೂರಿನ ಆ್ಯಪ್, ವಾಟ್ಸ್ಆ್ಯಪ್ ಗ್ರೂಪ್ ಎಲ್ಲ ಕೈತಪ್ಪುತ್ತವೆ. ಈಗಲೇ ಹಿಂದಿನ ಟಿಕೆಟ್‌ಗಳನ್ನು ತಿರುವಿ ಹಾಕಿ. ಏನನ್ನೂ ನಕಲು ಮಾಡಿಕೊಳ್ಳಬೇಡಿ. ಏನು ಕೆಟ್ಟಿತ್ತು, ನೀವೇನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು ಅಂತ ನಿಮ್ಮ ಮಾತಿನಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. 20 ಸಿಗಬಹುದು. ಅದರಲ್ಲಿ ಒಳ್ಳೆಯ 5 ಆರಿಸಿ ಒಂದು ಪುಟ ಮಾಡಿ ನನಗೆ ಮತ್ತೆ ಕಳಿಸಿ. ಇಂಗ್ಲಿಷ್ ತಪ್ಪಿದ್ದರೂ ಪರವಾಗಿಲ್ಲ, ಕೂತು ತಿದ್ದೋಣ.